ಬಾವಿ ನಂಬರ್ ಒಂದರ ಅಳತೆ

ರಾತ್ರಿ ಒಂಬತ್ತೂ ಕಾಲು. ಡಿಸೆಂಬರ್ ತಿಂಗಳ ಚಳಿ. ವಿರೂಪಾಕ್ಷ ಹಳೇ ಬಾವಿಯ ಪಕ್ಕದ ಕಾಲುದಾರಿಯಲ್ಲಿ ಮನೆ ಕಡೆ ಹೊರಟಿದ್ದ...

ಅಲ್ಲಿಂದಲೇ ಶುರು ಮಾಡ್ತೀನಿ. ಅವನು ನನಗೆ ಹೇಳುವಾಗಲೂ ಅಲ್ಲಿಂದಲೇ ಶುರು ಮಾಡಿದ್ದ. ವಿರೂಪಾಕ್ಷ ಅಂದ್ರೆ ಎಲ್ಲೋ ಇರೋ ಯಾರೋ ಅಲ್ಲ. ಬಾಗಲಗುಂಟೆಯಲ್ಲಿ ನಮ್ಮ ಮನೆಯಿಂದ ಮೂರನೇ ಬಾಗಿಲು. ಹುನಗುಂದದ ಕಡೆಯವನು. ಸುಳ್ಳು ಹೇಳೋಕೆ ಹೋದರೆ ಕಿವಿ ಕೆಂಪಾಗುತ್ತೆ ಅವನಿಗೆ, ಎರಡು ಸಲ ನಾನೇ ನೋಡಿದೀನಿ. ಇದನ್ನು ಹೇಳಿದ ದಿನ ಅವನ ಕಿವಿಯನ್ನೇ ನೋಡ್ತಾ ಕೂತಿದ್ದೆ. ಕೆಂಪಾಗಲಿಲ್ಲ.

ಆಗ ಅವನು ಕೊಡಿಗೇಹಳ್ಳಿಯಲ್ಲಿ ಬಾಡಿಗೆಗಿದ್ದ. ಕೆಲಸ ಹೆಬ್ಬಾಳದ ಆಚೆಗಿರೋ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ. ಯಾವುದು ಅಂತ ಕೇಳಬೇಡಿ, ಹೆಸರು ಹೇಳಲ್ಲ ಅಂತ ಅವನಿಗೆ ಮಾತು ಕೊಟ್ಟಿದೀನಿ. ಕಾಂಟ್ರಾಕ್ಟ್ ನೌಕರಿ, ಮಾರ್ಚಿಗೆ ಮುಗಿಯೋದು. ಹೆಂಡತಿ ದಾಕ್ಷಾಯಣಿ ಏಳು ತಿಂಗಳ ಬಸುರಿ. ಆ ನೌಕರಿ ಮುಂದುವರಿಯದಿದ್ದರೆ ಏನು ಗತಿ ಅಂತ ಗಂಡ ಹೆಂಡತಿ ಇಬ್ಬರೂ ಯೋಚನೆ ಮಾಡ್ತಿದ್ದರು, ಆದರೆ ಒಬ್ಬರಿಗೊಬ್ಬರು ಬಾಯಿ ಬಿಟ್ಟು ಹೇಳ್ತಿರಲಿಲ್ಲ.

ಅವನ ತಲೆಗೆ ಕಟ್ಟಿದ ಕೆಲಸ, ಆ ವಿಶ್ವವಿದ್ಯಾಲಯದ ಇತಿಹಾಸ ಬರೆಯೋದು. ಅರವತ್ತು ವರ್ಷ ತುಂಬಿತ್ತು. ಮೌಲ್ಯಮಾಪನ ಸಮಿತಿ ಬರೋದಿತ್ತು. ಸಮಿತಿಯವರ ಕೈಗೆ ಒಂದು ಚೆಂದದ ಪುಸ್ತಕ ಇಡಬೇಕು ಅಂತ ಮೇಲಿನವರ ಆಸೆ. ಸಂಪಾದಕರು ವೀರಬಸಪ್ಪನವರು, ನಿವೃತ್ತ ಪ್ರೊಫೆಸರ್. ಅಲ್ಲೇ ಓದಿ, ಅಲ್ಲೇ ಪಾಠ ಹೇಳಿ, ಅಲ್ಲೇ ತಲೆ ನೆರೆಸಿದವರು. ನಮ್ಮ ಕಡೆಯ ಹುಡುಗ ಅಂತ ವಿರೂಪಾಕ್ಷನನ್ನು ಕೆಲಸಕ್ಕೆ ಹಚ್ಚಿದ್ದೂ ಅವರೇ. "ಪುಸ್ತಕ ಮುಗಸು ತಮ್ಮಾ, ಐದು ವರ್ಷದ ಆರ್ಡರ್ ನಾ ಮಾಡಸ್ತೇನಿ" ಅಂದಿದ್ದರು.

ಇತಿಹಾಸ ಚೆನ್ನಾಗೇ ಇತ್ತು. ಮೊದಲಿಗೆ ಮೂರು ಕೋಣೆ, ಒಂದು ಬಾವಿ, ಸುತ್ತ ರಾಗಿ ಹೊಲ. ಹನ್ನೊಂದು ಜನ ವಿದ್ಯಾರ್ಥಿಗಳು ಹೊಂಗೆ ಮರದ ಕೆಳಗೆ ಚಾಪೆ ಹಾಕಿಕೊಂಡು ಪಾಠ ಕೇಳ್ತಿದ್ದರಂತೆ. ಹೊಲ ಕೊಟ್ಟ ಹಳ್ಳಿಯವರೇ ಅಟೆಂಡರು, ತೋಟದಾಳು, ವಾಚ್‌ಮನ್ ಆದರು. ಆಮೇಲೆ ಲ್ಯಾಬ್ ಬಂತು, ಹಾಸ್ಟೆಲ್ ಬಂತು, ಲೈಬ್ರರಿ ಬಂತು. ಬೆಂಗಳೂರೇ ಬೆಳೆದು ಬಂದು ಕಾಂಪೌಂಡಿನ ಸುತ್ತ ನಿಂತಿತು. ಒಂದು ಬದಿಯ ಜಾಗವನ್ನು ಫ್ಲೈಓವರ್ ನುಂಗಿತು. ಹನ್ನೊಂದು ಹೋಗಿ ಆರು ಸಾವಿರ ವಿದ್ಯಾರ್ಥಿಗಳಾದರು.

ಆದರೆ ವಿಶ್ವವಿದ್ಯಾಲಯದವರು ಎದೆ ತಟ್ಟಿಕೊಳ್ತಿದ್ದದ್ದು ಆ ಬಾವಿಗೆ. ದಾಖಲೆಯಲ್ಲಿ ಅದರ ಹೆಸರು ಬಾವಿ ನಂಬರ್ ಒಂದು. ಅಂತರ್ಜಲದ ಸಂಶೋಧನೆಗಾಗಿ ಮೊದಲ ದಿನದಿಂದ ಪ್ರತಿ ಸಂಜೆ ನೀರು ಎಷ್ಟು ಆಳದಲ್ಲಿದೆ ಅಂತ ಅಳೆದು ಬರೆದಿಟ್ಟಿದ್ದರು. ಬಾವಿ ಬತ್ತಿ ಹೋದ ಮೇಲೆ ಪಕ್ಕದ ಬೋರ್‌ವೆಲ್ಲಿನಲ್ಲಿ ಅಳೆದರು, ನಿಲ್ಲಿಸಲಿಲ್ಲ. ಪುಸ್ತಕದ ಮೊದಲ ಸಾಲನ್ನೇ ವೀರಬಸಪ್ಪನವರು ಹೇಳಿ ಬರೆಸಿದ್ದರು: ಅರವತ್ತು ವರ್ಷ, ಒಂದು ದಿನವೂ ತಪ್ಪದ ಅಳತೆ.

ಒಂದು ದಿನ ತಪ್ಪಿತ್ತು. ಅದು ವಿರೂಪಾಕ್ಷನ ಕಣ್ಣಿಗೇ ಬೀಳಬೇಕೇ! ೧೯೮೩ರ ಜೂನ್ ಇಪ್ಪತ್ತೈದು. ಅಳತೆಯ ಜಾಗ ಖಾಲಿ. ಎದುರಿಗೆ ಎರಡೇ ಪದ... ಅಳತೆಗಾರ ಗೈರು.

ಅವತ್ತು ಸಂಜೆ ಅಟೆಂಡರ್ ಭೀಮರಾಜನನ್ನು ಕೇಳಿದ, ಆ ದಿನದ ಅಳತೆ ಯಾರಿಗಾದರೂ ಗೊತ್ತಿರಬಹುದಾ ಅಂತ. ಭೀಮರಾಜ್ ಅಲ್ಲಿನ ಹಳ್ಳಿಯವನೇ, ರಿಟೈರ್ ಆಗೋಕೆ ಆರು ತಿಂಗಳಿತ್ತು. ಅವನು ಹೊತ್ತಾಯ್ತು ಅಂತ ಬೀಗದ ಕೈ ಕೊಟ್ಟು ಹೋದ. ಮರುದಿನದಿಂದ ಅವನಿಗೆ ಎರಡು ದಿನ ರಜೆ, ಮಾಕಳಿಯಲ್ಲಿ ತಂಗಿ ಮಗಳ ಮದುವೆ.

ಹಾಗೆ, ರಾತ್ರಿ ಒಂಬತ್ತೂ ಕಾಲಿಗೆ, ದಾಖಲೆ ಕೋಣೆಗೆ ಬೀಗ ಹಾಕಿ ವಿರೂಪಾಕ್ಷ ಹೊರಟ. ಹಿಂದಿನ ಗೇಟಿಗೆ ಹೋಗಬೇಕಾದರೆ ಬಾವಿ ದಾಟಲೇಬೇಕು. ಬಾವಿಯ ಮೇಲೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ರಾಟೆ ಕಳಚಿ ಎಷ್ಟೋ ವರ್ಷ ಆಗಿದೆ. ಒಳಗೆ ನೀರಿಲ್ಲ, ಎಳನೀರು ಬುರುಡೆ ಮತ್ತೆ ಪ್ಲಾಸ್ಟಿಕ್ ಕವರು.

ಟಣ್...

ಹಿತ್ತಾಳೆ ಕಲ್ಲಿಗೆ ತಾಗಿದ ಶಬ್ದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು... ಟಣ್. ಆಮೇಲೆ ಡುಬಕ್ ಅಂತ ನೀರಿಗೆ ಏನೋ ಇಳಿದ ಶಬ್ದ.

"ಮೂವತ್ತೊಂಬತ್ತು ಅಡಿ... ನಾಕು ಅಂಗ್ಲ..."

ಗಂಡಸಿನ ದನಿ. ದಣಿದಿತ್ತು, ಆದರೆ ಬಿಡಿಬಿಡಿಯಾಗಿ ಕೇಳಿಸ್ತು.

ಇಲ್ಲಿ ಒಂದು ಮಾತು ಹೇಳಬೇಕು. ಆ ವಿಶ್ವವಿದ್ಯಾಲಯದ ಎಲ್ಲ ಲ್ಯಾಬಿನಲ್ಲೂ, ದಾಖಲೆ ಕೋಣೆಯಲ್ಲೂ ಒಂದು ಪದ್ಧತಿ ಇದೆ. ಅಳೆಯುವವನು ಅಂಕಿಯನ್ನು ಕೂಗಿ ಹೇಳ್ತಾನೆ. ಬರೆಯುವವನು ಅದನ್ನು ಗಟ್ಟಿಯಾಗಿ ತಿರುಗಿ ಹೇಳಿ, ಆಮೇಲೆ ಬರೀತಾನೆ. ತಪ್ಪಾಗಬಾರದು ಅಂತ. ಸೇರಿದ ಮೊದಲ ದಿನವೇ ಇದನ್ನು ಕಲಿಸ್ತಾರೆ, ಮೂರು ತಿಂಗಳಲ್ಲಿ ನಾಲಿಗೆಗೆ ಅಂಟಿಕೊಂಡುಬಿಡುತ್ತೆ. ವಿರೂಪಾಕ್ಷ ಅಂಗಡಿಯಲ್ಲಿ ಯಾರಾದರೂ ಫೋನ್ ನಂಬರ್ ಹೇಳಿದರೂ ತಿರುಗಿ ಹೇಳೋನು, ದಾಕ್ಷಾಯಣಿ ನಗ್ತಿದ್ದಳು.

"ಮೂವತ್ತೊಂಬತ್ತು ಅಡಿ ನಾಕು ಅಂಗುಲ" ಅಂದ. ನಿಲ್ಲಲೂ ಇಲ್ಲ. ಯಾರೋ ವಿದ್ಯಾರ್ಥಿಗಳು ಏನೋ ಪ್ರಯೋಗ ಮಾಡ್ತಿದಾರೆ ಅಂದುಕೊಂಡು ನಡೆದ.

ಬೆನ್ನ ಹಿಂದೆ ಕಿರ್... ಕಿರ್... ಅಂತ ಶುರುವಾಯ್ತು. ಭಾರ ಬಿದ್ದ ಹಗ್ಗ ಮರದ ರಾಟೆಯ ಮೇಲೆ ಎಳೆದಾಡುವ ಶಬ್ದ. ಗೇಟಿಗೆ ಬಂದ ಮೇಲೆ ಅವನಿಗೆ ಹೊಳೀತು, ಆ ಬಾವಿಗೆ ರಾಟೆ ಇಲ್ಲ ಅಂತ.

ಬೆಳಗ್ಗೆ ದಫ್ತರ ತೆಗೆದು ನೋಡಿದ. ಜೂನ್ ಇಪ್ಪತ್ನಾಲ್ಕರ ಅಳತೆ ಮೂವತ್ತೊಂಬತ್ತು ಅಡಿ ಮೂರು ಅಂಗುಲ. ಇಪ್ಪತ್ತಾರರದ್ದು ಮೂವತ್ತೊಂಬತ್ತು ಅಡಿ ಐದು. ನಡುವಿನ ಖಾಲಿ ಜಾಗಕ್ಕೆ ರಾತ್ರಿ ಕೇಳಿದ ಅಂಕಿ ಅಚ್ಚುಕಟ್ಟಾಗಿ ಕೂರುತ್ತೆ. ಖುಷಿಯಾಯ್ತು ಅವನಿಗೆ! ಭೀಮರಾಜಣ್ಣ ಯಾರೋ ಹಿರಿಯರನ್ನು ಕೇಳಿ, ಹೇಳಿ ಕಳಿಸಿದ್ದಾನೆ ಅಂದುಕೊಂಡ. ನಾನಾಗಿದ್ದರೂ ಹಾಗೇ ಅಂದುಕೊಳ್ತಿದ್ದೆ, ಮನುಷ್ಯ ತನಗೆ ಬೇಕಾದದ್ದನ್ನು ಬೇಗ ನಂಬ್ತಾನೆ. ಕರಡು ಪ್ರತಿಯಲ್ಲಿ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದ.

ಎರಡನೇ ರಾತ್ರಿ ಅದೇ ಹೊತ್ತು, ಅದೇ ದನಿ. "ಇಪ್ಪತ್ನಾಕು ಅಡಿ..." ಅಂತು. ವಿರೂಪಾಕ್ಷ ಫೋನ್ ನೋಡ್ತಾ ನಡೀತಿದ್ದ. ಬಾಯಿ ತನ್ನಷ್ಟಕ್ಕೆ ತಿರುಗಿ ಹೇಳಿತು.

ಮೂರನೇ ರಾತ್ರಿ.

"ಅನ್ನೊಂದು ಅಡಿ... ಎರಡಂಗ್ಲ..."

"ಹನ್ನೊಂದು ಅಡಿ ಎರಡು ಅಂಗುಲ."

ಹೇಳಿ ಆದ ಮೇಲೆ ಅವನಿಗೆ ತಲೆ ಓಡಿತು. ಮೂವತ್ತೊಂಬತ್ತು. ಇಪ್ಪತ್ನಾಲ್ಕು. ಹನ್ನೊಂದು. ನೀರು ಹೀಗೆ ಏರೋದಿಲ್ಲ. ದನಿಯೂ ಮೊದಲ ದಿನಕ್ಕಿಂತ ಹತ್ತಿರದಲ್ಲಿತ್ತು. ಮೊಬೈಲ್ ಟಾರ್ಚ್ ಹಾಕಿಕೊಂಡು ಬಾವಿಕಟ್ಟೆಗೆ ಹೋದ. ಯಾರೂ ಇಲ್ಲ. ಬೀಗಕ್ಕೆ ತುಕ್ಕು, ಬೀಗದ ಮೇಲೆ ಜೇಡರ ಬಲೆ. ಬಗ್ಗಿ ಬೆಳಕು ಬಿಟ್ಟ. ಒಳಗೆ ಕಲ್ಲಿನ ಗೋಡೆ ಮಾತ್ರ.

ಕಿರ್... ಕಿರ್... ಅಷ್ಟು ಹತ್ತಿರದಲ್ಲಿ. ಅದರ ನಡುವೆ ಉಸ್... ಉಸ್... ಅಂತ ಮನುಷ್ಯ ತೇಕುವ ಶಬ್ದ. ಟಾರ್ಚಿನ ಬೆಳಕು ಬಿದ್ದಲ್ಲಿ ಏನೂ ಇಲ್ಲ. ಆದರೆ ಜಾಲರಿ ಸಣ್ಣಗೆ ನಡುಗ್ತಾ ಇತ್ತು. ಅವನು ಅದರ ಮೇಲೆ ಅಂಗೈ ಇಟ್ಟಿದ್ದ, ನಡುಕ ಕೈಗೆ ಹತ್ತಿತು.

ಓಡಿದ. ಓಡಿದೆ ಅಂತ ಹೇಳೋಕೆ ಅವನಿಗೇನೂ ನಾಚಿಕೆ ಇಲ್ಲ.

ನಾಲ್ಕನೇ ದಿನ ಭೀಮರಾಜ್ ಮದುವೆ ಲಾಡು ಹಿಡಿದುಕೊಂಡು ಬಂದ. ವಿರೂಪಾಕ್ಷ ಅವನನ್ನು ದಾಖಲೆ ಕೋಣೆಯೊಳಗೆ ಎಳೆದು ಬಾಗಿಲು ಹಾಕಿದ. ಇಬ್ಬರದ್ದೂ ಪಿಸುಮಾತು.

"ಭೀಮರಾಜಣ್ಣ, ಬಾವಿ ಹತ್ರ ರಾತ್ರಿ ಯಾರ್ರಿ ಅಳತಿ ಕೂಗೋದು?"

ಭೀಮರಾಜ್ ಲಾಡಿನ ಡಬ್ಬಿ ಕೆಳಗಿಟ್ಟ. "ಸಾರ್... ನೀವು ತಿರುಗಿ ಯೋಳಿದ್ರಾ?"

"ಹೇಳಿದ್ನಿ. ರೂಢಿ ಅಲ್ರಿ..."

"ಎಷ್ಟು ಸಲ?"

"ಮೂರು."

ಭೀಮರಾಜ್ ಗೋಡೆಗೆ ಒರಗಿಕೊಂಡ. ಆಮೇಲೆ ಕೇಳಿದ, "ಈಗ ಎಷ್ಟಕ್ಕೆ ಬಂದವ್ನೆ?"

ಅವನು ಹೇಳಿದ್ದು ಇದು. ಎಂಬತ್ತಮೂರರಲ್ಲಿ ಬರಗಾಲ. ಅಳತೆಪಟ್ಟಿ ಮೂವತ್ತು ಅಡಿಯದು, ನೀರು ಅದಕ್ಕೂ ಕೆಳಗೆ ಹೋಗಿತ್ತು. ಆಗ ಅಳತೆಗಾರ ಚಿಕ್ಕಮಾರಯ್ಯ, ಭೀಮರಾಜನ ಸೋದರಮಾವ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಾವಿಗೆ ಇಳೀತಿದ್ದ. ಹಿತ್ತಾಳೆ ಗುಂಡು ಬಿಟ್ಟು, ಅಳೆದು, ಕೆಳಗಿನಿಂದ ಕೂಗ್ತಿದ್ದ. ಮೇಲೆ ನಿಂತವನು ಅದನ್ನು ತಿರುಗಿ ಹೇಳಿ, ಬರೆದು, ಹಗ್ಗ ಹಿಡಿದುಕೊಳ್ತಿದ್ದ. ಕೆಳಗಿನವನಿಗೆ ಅದೇ ಗುರುತು. ತಿರುಗಿ ಹೇಳಿದರೆ ಹಗ್ಗ ಹಿಡಿದಿದ್ದಾರೆ, ಹತ್ತಬಹುದು. ಹೇಳದಿದ್ದರೆ ಹತ್ತಬಾರದು.

"ಅವತ್ತು ಮ್ಯಾಚು ಸಾರ್. ವರ್ಲ್ಡ್ ಕಪ್ ಫೈನಲ್ಲು. ಆಸ್ಟೆಲ್ನಾಗೆ ರೇಡಿಯೋ ಇತ್ತು. ಮೇಲೆ ನಿಂತೋರು, ಇವ್ನನ್ನ ಇಳಿಸಿ, ಸ್ಕೋರ್ ಕೇಳ್ಕೊಂಡು ಬತ್ತೀನಿ ಅಂತ ಒಂಟೋದ್ರು. ಬರ್ಲೇ ಇಲ್ಲ. ನಮ್ಮಾವ ಅಳತೆ ಕೂಗ್ತಾನೇ ಇದ್ದ. ಮೇಲೆ ಯಾರವ್ರೆ ತಿರುಗಿ ಯೋಳಕ್ಕೆ? ಮಧ್ಯರಾತ್ರಿ ಪಟಾಕಿ ಒಡುದ್ರು ನೋಡಿ ಇಡೀ ಕ್ಯಾಂಪಸ್ಸು, ಅಷ್ಟೊತ್ಗಂಟ ಕೂಗವ್ನೆ. ಬೆಳಗ್ಗೆ ಎಣ ಎತ್ತಿದ್ರು. ಸಂಜೆ ಅದೇ ಬಾವೀಲಿ ಅಳತೆ ತಗಂಡ್ರು."

"ಹಂಗಿದ್ರ ಗೈರು ಅಂತ ಯಾಕ ಬರದ್ರು?"

"ಇಲ್ದಿದ್ರೆ ಇಳಿಸ್ದೋರು ಯಾರು ಅಂತ ಕೇಳ್ತಾರಲ್ಲ ಸಾರ್. ಕೆಲ್ಸಕ್ಕೇ ಬಂದಿಲ್ಲ, ರಾತ್ರಿ ಕುಡುದು ಬಿದ್ದವ್ನೆ ಅಂದ್ರು. ನಮ್ಮಾವ ಕಾಫೀನೂ ಕುಡೀತಿರ್ಲಿಲ್ಲ."

ವಿರೂಪಾಕ್ಷ ದಫ್ತರ ತೆಗೆದ. ಅಳತೆಗಾರ ಗೈರು ಅನ್ನೋ ಬರಹದ ಕೆಳಗೆ ಸಣ್ಣದಾಗಿ ಒಂದು ರುಜು. ಮೊದಲು ಅದನ್ನು ಗಮನಿಸಿರಲಿಲ್ಲ. ಆ ರುಜು ಅವನಿಗೆ ಚೆನ್ನಾಗಿ ಗೊತ್ತು. ದಿನಾ ಅವನ ಕರಡಿನ ಪ್ರತಿ ಹಾಳೆಯ ತುದಿಯಲ್ಲಿ ಬೀಳ್ತಿತ್ತು. ವೀರಬಸಪ್ಪನವರದು.

"ಆಗ ಅವ್ರು ಇಲ್ಲಿ ಸ್ಟೂಡೆಂಟು, ಅಳತೆ ಬರೆಯೋ ಕೆಲ್ಸ ಅವ್ರದೇ" ಅಂದ ಭೀಮರಾಜ್. ಆಮೇಲೆ ಬಾಗಿಲ ಕಡೆ ನೋಡಿ ಇನ್ನೂ ದನಿ ತಗ್ಗಿಸಿದ. "ಇನ್ಮೇಲೆ ಬಾಯಿ ಬಿಡಬ್ಯಾಡಿ ಸಾರ್. ನೀವು ಯೋಳದಿದ್ರೆ ಅಲ್ಲೇ ನಿಂತ್ಕತ್ತಾನೆ."

ನಿಂತುಕೊಂಡ. ಅದೇ ಭಯಂಕರ.

ಅವತ್ತಿನಿಂದ ವಿರೂಪಾಕ್ಷ ಬಾಯಿಗೆ ಕರ್ಚೀಫ್ ಒತ್ತಿಕೊಂಡು ಬಾವಿ ದಾಟ್ತಿದ್ದ. ದೊಡ್ಡ ಗೇಟಿನ ಕಡೆಯಿಂದ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು, ನಾನೂ ಕೇಳಿದೆ. ಹೋಗಿ ಏನು ಪ್ರಯೋಜನ? ದಾಖಲೆ ಕೋಣೆಯ ಕಿಟಕಿಯಿಂದ ಬಾವಿಗೆ ಇಪ್ಪತ್ತು ಹೆಜ್ಜೆ. ಒಂಬತ್ತೂ ಕಾಲು ಆಗ್ತಿದ್ದ ಹಾಗೆ ಕೇಳಿಸೋದು. "ಅನ್ನೊಂದು ಅಡಿ... ಎರಡಂಗ್ಲ..." ಮರುದಿನವೂ ಅಷ್ಟೇ. ಅದರ ಮರುದಿನವೂ ಅಷ್ಟೇ. ಅಂಕಿ ಬದಲಾಗಲಿಲ್ಲ. ಒಂದು ಸಲ ಕೂಗೋದು, ಕಾಯೋದು, ಇನ್ನೊಂದು ಸಲ ಕೂಗೋದು. ದನಿ ದಿನದಿಂದ ದಿನಕ್ಕೆ ಸೋಲ್ತಾ ಬಂತು. ಹನ್ನೊಂದು ಅಡಿ ಆಳದಲ್ಲಿ ಒಬ್ಬ ಮನುಷ್ಯ ಹಗ್ಗ ಕಚ್ಚಿಕೊಂಡು ನೇತಾಡ್ತಿದ್ದಾನೆ, ಒಂದೇ ಒಂದು ಮಾತಿಗೆ ಕಾಯ್ತಿದ್ದಾನೆ... ಆ ಮಾತು ನನ್ನ ಬಾಯಲ್ಲಿದೆ, ಹೇಳೋ ಧೈರ್ಯ ಇಲ್ಲ... ಅಂದ ವಿರೂಪಾಕ್ಷ. ಹೆದರಿಕೆಗಿಂತ ಹೆಚ್ಚಾಗಿ ಅಳು ಬರ್ತಿತ್ತಂತೆ.

ತಡೆಯೋಕಾಗದೆ ಒಂದು ಭಾನುವಾರ ಭೀಮರಾಜನ ಜೊತೆ ಚಿಕ್ಕಮಾರಯ್ಯನ ಅಕ್ಕನನ್ನು, ಅಂದ್ರೆ ಭೀಮರಾಜನ ದೊಡ್ಡಮ್ಮನನ್ನು, ನೋಡಲು ಹೋದ. ದೊಡ್ಡಮುನಿಯಮ್ಮ. ಕೊಡಿಗೇಹಳ್ಳಿಯಲ್ಲೇ, ಎರಡು ಅಪಾರ್ಟ್‌ಮೆಂಟಿನ ಸಂದಿಯಲ್ಲಿ ಉಳಿದುಕೊಂಡ ಹೆಂಚಿನ ಮನೆ, ಚಿಕ್ಕಮಾರಯ್ಯನೂ ಇದ್ದದ್ದು ಅಲ್ಲೇ. ಎಂಬತ್ತೈದು ದಾಟಿದ ಮುದುಕಿ, ಕಿವಿ ಚುರುಕಾಗಿತ್ತು. ಎಲ್ಲ ಕೇಳಿಸಿಕೊಂಡು ಎರಡು ಕೈಯಲ್ಲಿ ವಿರೂಪಾಕ್ಷನ ಮೊಣಕೈ ಹಿಡಿದುಕೊಂಡಳು.

"ತಿರುಗಿ ಯೋಳಪ್ಪ. ಮೇಲಕ್ಕೆ ಬರ್ಲಿ. ಇನ್ನೆಷ್ಟು ದಿನ ಅಲ್ಲಿ ಇರ್ತಾನೆ ನನ್ ತಮ್ಮ?"

"ಬಂದ್ರ... ಏನ್ ಮಾಡ್ತಾನ ಅಜ್ಜಿ?"

"ನಂಗೇನ್ ಗೊತ್ತು." ಹಿಡಿದ ಮೊಣಕೈ ಬಿಡದೆ ಅಂದಳು, "ನಿಮ್ಮ ಪುಸ್ತಕದಾಗೆ ಅವ್ನು ಕೆಲ್ಸಕ್ಕೆ ಬಂದಿದ್ದ ಅಂತ ಬರಿ. ಅಷ್ಟ್ ಮಾಡು."

ಬರೆದ. ಅವತ್ತೇ ರಾತ್ರಿ ಕೂತು ನಾಲ್ಕು ಸಾಲು ಬರೆದ. ಮರುದಿನ ಹಾಳೆ ವೀರಬಸಪ್ಪನವರ ಮುಂದಿಟ್ಟ. ಅವರು ಕನ್ನಡಕ ಏರಿಸಿ ಓದಿದರು. ಕೆಂಪು ಪೆನ್ನು ತೆಗೆದು ನಾಲ್ಕೂ ಸಾಲಿನ ಮೇಲೆ ಗೀಟು ಎಳೆದರು, ನಿಧಾನಕ್ಕೆ, ಒಂದಾದ ಮೇಲೆ ಒಂದು.

"ಯಾರ್ ಹೇಳಿದ್ರು?"

"ಯಾರರ ಹೇಳ್ಲಿರಿ ಸರ್. ಖರೇ ಹೌದೋ ಅಲ್ಲೋ?"

ಅವರು ಡ್ರಾಯರಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. ವಿರೂಪಾಕ್ಷನ ಆರ್ಡರ್. ಐದು ವರ್ಷ. ಟೈಪ್ ಆಗಿತ್ತು, ಸಹಿ ಒಂದು ಬಾಕಿ.

"ನಾಳೆ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ನಾಡಿದ್ದು ಸಮಿತಿ ಬರ್ತದ. ಖಾಲಿ ಇದ್ದಲ್ಲಿ ಆಜೂಬಾಜೂ ದಿನದ ಸರಾಸರಿ ಹಾಕು, ಈ ನಾಕು ಸಾಲು ತಗದು ಒಗಿ. ಮನ್ಯಾಗ ಬಸುರಿ ಹೆಂಡ್ತಿ ಇದ್ದಾಳ ತಮ್ಮಾ, ನೆನಪಿಟ್ಕೊ."

ವಿರೂಪಾಕ್ಷ ತಲೆ ತಗ್ಗಿಸಿ ಹಾಳೆ ತಗೊಂಡ. ಪೆನ್‌ಡ್ರೈವಿನಲ್ಲಿ ಎರಡು ಫೈಲ್ ಮಾಡಿದ. ಒಂದರಲ್ಲಿ ಆ ನಾಲ್ಕು ಸಾಲು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಯಾವುದು ಕೊಡ್ತೀನಿ ಅಂತ ಅವನಿಗೇ ಗೊತ್ತಿರಲಿಲ್ಲ.

ಅವತ್ತು ರಾತ್ರಿ ಕೊನೇ ಪ್ರೂಫ್ ನೋಡೋಕೆ ವೀರಬಸಪ್ಪನವರೇ ದಾಖಲೆ ಕೋಣೆಗೆ ಬಂದು ಕೂತರು. ಒಂಬತ್ತು ದಾಟಿತು. "ಸಾಕು, ನಡಿ" ಅಂತ ಎದ್ದರು. ಅವರ ಕಾರು ಡ್ರೈವರ್ ಸಮೇತ ಹೊಂಗೆ ಮರದ ಹತ್ತಿರ ನಿಂತಿತ್ತು, ಬಾವಿಯ ಆಚೆಗೆ. ವಿರೂಪಾಕ್ಷನಿಗೆ ಗಡಿಯಾರ ನೋಡುವ ಧೈರ್ಯ ಇರಲಿಲ್ಲ. ಕರ್ಚೀಫ್ ತೆಗೆದು ಬಾಯಿಗೆ ಒತ್ತಿಕೊಂಡ.

"ನೆಗಡಿ ಆಗೇದೇನು?" ಅಂದರು ಅವರು.

ಅವನು ತಲೆ ಅಲ್ಲಾಡಿಸಿದ. ಬಾವಿಕಟ್ಟೆ ಬಂತು. ಜೀರುಂಡೆ ಕೂಗೋದು ನಿಂತಿತು.

ಟಣ್...

"ಅನ್ನೊಂದು ಅಡಿ... ಎರಡಂಗ್ಲ..."

"ಹನ್ನೊಂದು ಅಡಿ, ಎರಡು ಅಂಗುಲ" ಅಂದರು ವೀರಬಸಪ್ಪನವರು.

ಯೋಚನೆ ಮಾಡಿ ಹೇಳಿದ್ದಲ್ಲ. ನಲವತ್ತು ವರ್ಷ ಲ್ಯಾಬಿನಲ್ಲಿ ಹಾಗೇ ಹೇಳಿದ ಬಾಯಿ, ಹೇಳಿಬಿಟ್ಟಿತು. ಹೇಳಿದ ಮೇಲೆ ಅವರು ಅಲ್ಲೇ ನಿಂತರು.

ಕಿರ್... ಕಿರ್... ಕಿರ್... ಈ ಸಲ ನಿಲ್ಲಲಿಲ್ಲ. ಉಸ್... ಉಸ್... ಅಂತ ತೇಕುತ್ತಾ, ಕಲ್ಲಿಗೆ ಕಾಲು ಊರಿ ಜಾರಿಸ್ತಾ, ಮತ್ತೆ ಊರ್ತಾ... ಮೇಲಕ್ಕೆ. ಗುಂಡು ಗೋಡೆಗೆ ಬಡಿದು ಟಣ್ ಅಂತು, ಟಣ್ ಟಣ್ ಅಂತು. ಜಾಲರಿ ಗಡಗಡ ಅಲ್ಲಾಡಿತು. ಠಕ್ ಅಂತ ಒಂದು ಶಬ್ದ.

ಆಮೇಲೆ ಏನೂ ಇಲ್ಲ. ಜೀರುಂಡೆಗಳು ಕೂಗೋಕೆ ಶುರು ಮಾಡಿದವು. ಬೀಗ ಹಾಕಿದ್ದ ಹಾಗೇ ಇತ್ತು. ಜೇಡರ ಬಲೆಯೂ ಹಾಗೇ ಇತ್ತು.

"ಯಾರೂ ಇಲ್ಲಲ್ಲ?" ಅಂದರು ವೀರಬಸಪ್ಪನವರು. ದನಿ ಅವರದಾಗಿರಲಿಲ್ಲ, ಅಷ್ಟು ಸಣ್ಣಗಿತ್ತು.

"ಇಲ್ರಿ ಸರ್."

ಅವರು ಕಾರಿನ ಕಡೆ ನಡೆದರು. ಓಡಲಿಲ್ಲ. ಹಿಂದೆ ತಿರುಗಿ ನೋಡಲಿಲ್ಲ. ಕಾರು ಹೋಯಿತು.

ವಿರೂಪಾಕ್ಷ ಮನೆಗೆ ಬಂದು ದಾಕ್ಷಾಯಣಿಯನ್ನು ಕೂರಿಸಿ ಮೊದಲಿಂದ ಕೊನೇ ತನಕ ಹೇಳಿದ. ಆರ್ಡರ್ ಕಾಗದದ ಮಾತೂ ಹೇಳಿದ.

"ಆ ಮನಷ್ಯಾ ಅಷ್ಟ ವರ್ಷ ಕೂಗ್ಯಾನಂದ್ರ..." ಅಂದಳು. ಕಣ್ಣು ಒರೆಸಿಕೊಂಡು ಅಂದಳು, "ನೌಕರಿ ಹೋದ್ರ ಹೋಗ್ಲಿರಿ. ರೊಟ್ಟಿ ಬಡದು ಮಾರೂಣು. ಹುಟ್ಟೋ ಕೂಸಿಗೆ ನೀವು ಮುಖಾ ತೋರಸಬೇಕಲ್ಲ."

ಬೆಳಗ್ಗೆ ವೀರಬಸಪ್ಪನವರು ಬರಲಿಲ್ಲ. ಫೋನ್ ಎತ್ತಲಿಲ್ಲ. ಯಶವಂತಪುರದ ಪ್ರೆಸ್ಸಿಗೆ ವಿರೂಪಾಕ್ಷ ಒಬ್ಬನೇ ಹೋದ. ಕಂಪ್ಯೂಟರ್ ಮುಂದೆ ಐಮನ್ ಅಂತ ಒಬ್ಬಳು ಹುಡುಗಿ. ಪೆನ್‌ಡ್ರೈವ್ ಹಾಕಿ, "ಎರಡು ಫೈಲ್ ಇದೆ ಸಾರ್. ಯಾವ್ದು ಹಾಕ್ಲಿ?" ಅಂದಳು.

"ದೊಡ್ಡದು" ಅಂದ. "ಸ್ವಲ್ಪ ತಡಿಯವ್ವಾ, ಮೊದಲ್ನೇ ಸಾಲೂ ತಿದ್ದೋದದ."

ಹಾಗೆ ಸಮಿತಿಯವರ ಕೈಗೆ ಹೋದ ಪುಸ್ತಕದ ಮೊದಲ ಸಾಲು ಹೀಗಾಯ್ತು: ಅರವತ್ತು ವರ್ಷ, ಒಂದೇ ಒಂದು ದಿನ ಬರೆಯದೆ ಬಿಟ್ಟ ಅಳತೆ. ಒಳಗೆ ಆ ನಾಲ್ಕು ಸಾಲು. ಆ ದಿನದ ಅಳತೆ ಮೂವತ್ತೊಂಬತ್ತು ಅಡಿ ನಾಲ್ಕು ಅಂಗುಲ. ಅಳೆದವರು ಚಿಕ್ಕಮಾರಯ್ಯ. ಅವರು ಅಳತೆ ಕೂಗಿದಾಗ ಮೇಲೆ ಯಾರೂ ಇರಲಿಲ್ಲ. ಕೆಲಸದ ಮೇಲಿದ್ದಾಗಲೇ ಬಾವಿಯಲ್ಲಿ ತೀರಿಕೊಂಡರು.

ಸಮಿತಿಯವರು ಇದಕ್ಕೆ ಆಧಾರ ಏನು ಅಂತ ಕೇಳಿದರಂತೆ. ಸಂಶೋಧನೆ ಮಾಡೋರು, ಕೇಳೋದೇ ಸರಿ. ಏನು ಅಂತ ಹೇಳ್ತಾನೆ ಪಾಪ? ಭೀಮರಾಜನ ಹೆಸರು ಹೇಳಿದರೆ ಅವನ ಪಿಂಚಣಿಗೆ ಕುತ್ತು. ಮಾರ್ಚಿಗೆ ಮನೆಗೆ ಕಳಿಸಿದರು. ಈಗ ಗಂಡ ಹೆಂಡತಿ ಇಲ್ಲೇ ರೊಟ್ಟಿ ಮಾಡಿ ಮಾರ್ತಾರೆ, ಸಂಜೆ ಆರಕ್ಕೆ ಹೋದರೆ ಬಿಸಿ ಸಿಗುತ್ತೆ. ದೊಡ್ಡಮುನಿಯಮ್ಮನಿಗೆ ಓದೋಕೆ ಬರಲ್ಲ. ಭೀಮರಾಜ್ ಆ ಪುಟ ಓದಿ ಹೇಳಿದಾಗ, ಇನ್ನೊಂದು ಸಲ ಓದು ಅಂದಳಂತೆ. ಮೂರು ಸಲ ಓದಿಸಿಕೊಂಡಳಂತೆ. ಬಾವಿಯ ಹತ್ತಿರ ಆಮೇಲೆ ಯಾವ ದನಿಯೂ ಕೇಳಿಲ್ಲ.

ಇಷ್ಟಕ್ಕೇ ಬಿಡಬಹುದಿತ್ತು. ಆದರೆ ನನ್ನ ಬುದ್ಧಿ ನಿಮಗೆ ಗೊತ್ತಲ್ಲ. ಒಬ್ಬನ ಬಾಯಿಂದ ಕೇಳಿದ್ದನ್ನು ನಂಬೋನಲ್ಲ ನಾನು. ವೀರಬಸಪ್ಪನವರು ಯಲಹಂಕದ ಮನೆ ಬಿಟ್ಟು ಹೊರಗೆ ಬರಲ್ಲ, ಯಾರ ಹತ್ತಿರವೂ ಮಾತಾಡಲ್ಲ ಅಂದರು. ಸರಿ, ಅವರ ಡ್ರೈವರನ್ನು ಹುಡುಕಿಕೊಂಡು ಹೋದೆ. ಖಾದರ್ ಬಾಷಾ. ಒಳ್ಳೇ ಮನುಷ್ಯ, ಚಹಾ ಕುಡಿಸಿದ. ಬಾವಿಯ ವಿಷಯ ಅವನಿಗೆ ಏನೇನೂ ಗೊತ್ತಿಲ್ಲ. ನಾನೂ ಹೇಳಲಿಲ್ಲ. ಆ ರಾತ್ರಿ ಸಾಹೇಬ್ರು ಹೇಗಿದ್ದರು ಅಂತ ಮಾತ್ರ ಕೇಳಿದೆ.

"ಏನಿಲ್ಲ ಅಣ್ಣ. ಹಿಂದೆ ಬಲಗಡೆ ಡೋರಿಗೆ ಒತ್ಕೊಂಡು ಕೂತಿದ್ರು. ಅರ್ಧ ಸೀಟು ಖಾಲಿ ಬಿಟ್ಟು. ಬೆಲ್ಟ್ ಹಾಕಿದ್ರು. ಆದ್ರೆ ಗಾಡಿ ಬೀಪ್ ಹೊಡೀತಾನೇ ಇತ್ತು."

"ಯಾವ ಬೀಪು?"

"ಸೀಟಲ್ಲಿ ಯಾರಾದ್ರೂ ಕೂತು ಬೆಲ್ಟ್ ಹಾಕಿಲ್ಲ ಅಂದ್ರೆ ಟಿಣ್ ಟಿಣ್ ಅನ್ನುತ್ತಲ್ಲ, ಅದು. ಹೊಸ ಗಾಡಿ. ಹಿಂದೆ ಎಡಗಡೆ ಸೀಟ್ ತೋರಿಸ್ತಿತ್ತು. ಬ್ಯಾಗ್ ಇಟ್ಟಿದೀರಾ ಸಾರ್ ಅಂದೆ. ಡೋರಿಗೆ ಇನ್ನೂ ಒತ್ಕೊಂಡ್ರು. ಕ್ಯಾಂಪಸ್ ಗೇಟಿಂದ ಟಿಣ್ ಟಿಣ್ ಟಿಣ್... ತಲೆ ಕೆಟ್ಹೋಯ್ತು. ಕೊಡಿಗೇಹಳ್ಳಿ ಹತ್ರ ಸಿಗ್ನಲ್ ಬಿತ್ತು, ನಿಲ್ಲಿಸ್ದೆ. ಅಲ್ಲೇ ನಿಂತ್ಹೋಯ್ತು ನೋಡಿ. ಆಮೇಲೆ ಯಲಹಂಕದ ತನಕ ಸೌಂಡೇ ಇಲ್ಲ."

"ಡೋರ್ ತೆಗೆದ ಹಾಗೆ ಏನಾದ್ರೂ..."

"ಇಲ್ಲ ಅಣ್ಣ. ಲಾಕ್ ಆಗಿತ್ತು."

ಮರುದಿನವೇ ಅವನು ಗಾಡಿಯನ್ನು ಸರ್ವೀಸಿಗೆ ಬಿಟ್ಟಿದ್ದ. ಎಡಗಡೆ ಸೀಟಿನ ಸೆನ್ಸರಿನಲ್ಲಿ ಯಾವ ದೋಷವೂ ಇಲ್ಲ, ಸರಿಯಾಗಿ ಕೆಲಸ ಮಾಡ್ತಿದೆ ಅಂತ ಬರೆದುಕೊಟ್ಟಿದ್ದಾರೆ. ಆ ಚೀಟಿ ಈಗಲೂ ಡ್ಯಾಶ್‌ಬೋರ್ಡಿನ ಒಳಗಿದೆ. ನಾನು ಕೈಯಲ್ಲಿ ಹಿಡಿದು ಓದಿದೀನಿ. ತಾರೀಖು, ಸೀಲು, ಎಲ್ಲ ಇದೆ.